ಪೊಟ್ಟಣದ ಊಟ ಮತ್ತು ಮಿತವ್ಯಯದ ಧರ್ಮ

ಅನ್ನವು ಸಕಲ ಜೀವಿಗಳಿಗೂ ಆಧಾರ. ಅದನ್ನು ಯಾವ ಮಾರ್ಗದಿಂದ ಗಳಿಸಬೇಕು, ಎಷ್ಟು ಉಣ್ಣಬೇಕು, ಯಾರೊಡನೆ ಹಂಚಿಕೊಳ್ಳಬೇಕು ಎಂಬ ವಿಷಯಗಳನ್ನು ಕುರಿತು ಹಿರಿಯರು ಬಹಳಷ್ಟು ಚಿಂತಿಸಿದ್ದಾರೆ. ಆದರೆ ಅದು ಯಾರ ಕೈಯಿಂದ ಸಿದ್ಧವಾಗಬೇಕು, ಆ ಕೈಯ ಶ್ರಮಕ್ಕೆ ಬೆಲೆಯೆಷ್ಟು ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಇಂದು ಆ ಪ್ರಶ್ನೆ ಗೃಹಸ್ಥನ ಮುಂದೆ ತಿಂಗಳ ಖರ್ಚಿನ ಲೆಕ್ಕದ ರೂಪದಲ್ಲಿ ಬಂದು ನಿಂತಿದೆ. ಹೋಟೆಲಿನಿಂದ ಪಾರ್ಸೆಲ್ ತರುವ ಊಟ ತಿಂಡಿಗಳ ಬೆಲೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಆ ರೂಢಿಯನ್ನು ಮುಂದುವರಿಸಬೇಕೆ, ನಿಲ್ಲಿಸಬೇಕೆ? ಮೇಲ್ನೋಟಕ್ಕೆ ಇದು ಹಣದ ವಿಚಾರ. ಒಳಹೊಕ್ಕು ನೋಡಿದರೆ ನ್ಯಾಯದ ವಿಚಾರ.

ಈ ವಿಚಾರವನ್ನು ಪರಿಶೀಲಿಸಲು ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆ ಮತ್ತು ನೆರೆಯ ದಿಂಡಿಗಲ್ ಜಿಲ್ಲೆಗಳು ತಕ್ಕ ಸ್ಥಳಗಳಾಗಿವೆ. 1895ರಲ್ಲಿ ಪೂರ್ಣಗೊಂಡ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು ಪಶ್ಚಿಮಘಟ್ಟವನ್ನು ದಾಟಿ ಬಂದು ಈ ಕಣಿವೆಯ ಗದ್ದೆಗಳನ್ನು ತಣಿಸುತ್ತದೆ. ಭತ್ತ, ಬಾಳೆ, ತೆಂಗು, ದ್ರಾಕ್ಷಿಗಳು ಇಲ್ಲಿ ಸಮೃದ್ಧವಾಗಿ ಬೆಳೆಯುತ್ತವೆ. ದಿಂಡಿಗಲ್ ಜಿಲ್ಲೆಯ ಒಡ್ಡನ್‌ಛತ್ರಂ ತರಕಾರಿ ಮಾರುಕಟ್ಟೆಯಿಂದ ಕೇರಳಕ್ಕೆ ನಿತ್ಯವೂ ಲಾರಿಗಳು ಹೊರಡುತ್ತವೆ. ಇಂತಹ ಅನ್ನದ ನೆಲದಲ್ಲಿಯೂ ಬೇಯಿಸಿದ ಅನ್ನವನ್ನು ಕೊಂಡು ಉಣ್ಣುವವರ ಸಂಖ್ಯೆ ಕಡಿಮೆಯಿಲ್ಲ.

ಈ ಪ್ರದೇಶದಲ್ಲಿ ಶತಮಾನಗಳಿಂದ ಕನ್ನಡ ಮನೆಮಾತಿನ ಕೃಷಿಕರು ನೆಲೆಸಿದ್ದಾರೆ. ತಮಿಳರು ಕಪ್ಪಿಲಿಯರ್ ಎಂದು ಕರೆಯುವ ಒಕ್ಕಲಿಗರು ಮತ್ತು ಅನುಪ್ಪರು ಇವರಲ್ಲಿ ಮುಖ್ಯರು. ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜನಾಂಗಗಳ ಗ್ರಂಥದಲ್ಲಿ ಈ ಎರಡೂ ಸಮುದಾಯಗಳನ್ನು ಕನ್ನಡದ ಒಕ್ಕಲುಗಳೆಂದು ಗುರುತಿಸಿದ್ದಾನೆ. ಇವರ ಮಕ್ಕಳು ಶಾಲೆಯಲ್ಲಿ ಕಲಿಯುವುದು ತಮಿಳು, ಪೇಟೆಯಲ್ಲಿ ಆಡುವುದು ತಮಿಳು. ಕನ್ನಡ ಉಳಿದಿರುವುದು ಮನೆಯೊಳಗೆ, ಅದರಲ್ಲಿಯೂ ಒಲೆಯ ಬಳಿ. ಆದುದರಿಂದ ಇಂತಹ ಮನೆಗಳಲ್ಲಿ ‘ಹೊರಗಿನ ಊಟ ಬೇಡ, ಮನೆಯಲ್ಲಿಯೇ ಬೇಯಲಿ’ ಎಂಬ ಹಿರಿಯರ ಮಾತಿನಲ್ಲಿ ಹಣದ ಚಿಂತೆಯೊಡನೆ ಮನೆತನದ ಅಭಿಮಾನವೂ ಸೇರಿರುತ್ತದೆ. ಆ ಅಭಿಮಾನ ಗೌರವಕ್ಕೆ ಅರ್ಹವಾದುದೇ. ಆದರೆ ಅದರ ಖರ್ಚನ್ನು ಯಾರು ಭರಿಸುತ್ತಾರೆಂಬುದನ್ನೂ ನೋಡಬೇಕಾಗುತ್ತದೆ.

ಪಾರ್ಸೆಲ್ ಎಂಬುದು ಮೊದಲಿನಿಂದಲೂ ಭೋಗದ ವಸ್ತುವಾಗಿರಲಿಲ್ಲ. ಬಾಳೆಲೆಯ ತುಂಡಿನಲ್ಲಿ ಅನ್ನವನ್ನೋ ಇಡ್ಲಿಯನ್ನೋ ಇಟ್ಟು, ಮೇಲೊಂದು ಕಾಗದ ಸುತ್ತಿ, ನೂಲಿನಿಂದ ಬಿಗಿದ ಪೊಟ್ಟಣವು ಬಸ್ಸು ಹಿಡಿಯುವವನ, ಆಸ್ಪತ್ರೆಯಲ್ಲಿ ರೋಗಿಯ ಬಳಿ ಕುಳಿತವನ, ಒಂಟಿ ಮುದುಕನ ಊಟವಾಗಿತ್ತು. ಕಂಬಂ, ಗೂಡಲೂರು, ಬೋಡಿನಾಯಕನೂರುಗಳಿಂದ ಪ್ರತಿದಿನವೂ ಬೆಳಕು ಹರಿಯುವ ಮೊದಲೇ ಕೂಲಿಯ ಹೆಂಗಸರನ್ನು ತುಂಬಿಕೊಂಡ ಜೀಪುಗಳು ಘಟ್ಟವನ್ನೇರಿ ಕೇರಳದ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೊರಡುತ್ತವೆ. ಸಂಜೆ ಅವೇ ಜೀಪುಗಳು ಅವರನ್ನು ಮರಳಿ ತರುತ್ತವೆ. ಆ ಹೆಂಗಸು ಮನೆಯ ಬುತ್ತಿಯನ್ನೇ ಒಯ್ಯಬೇಕಾದರೆ ನಾಲ್ಕು ಗಂಟೆಗೂ ಮೊದಲೇ ಎದ್ದು ಒಲೆ ಹಚ್ಚಬೇಕು. ದಾರಿಯಲ್ಲಿ ಪೊಟ್ಟಣ ಕೊಂಡರೆ ಒಂದು ಗಂಟೆಯ ನಿದ್ರೆ ಉಳಿಯುತ್ತದೆ, ದಿನದ ಕೂಲಿಯಲ್ಲಿ ಒಂದು ಪಾಲು ಕಳೆಯುತ್ತದೆ. ಅವಳ ಪಾಲಿಗೆ ಪಾರ್ಸೆಲಿನ ಬೆಲೆಯೇರಿಕೆ ಎಂದರೆ ನಿದ್ರೆಯ ಬೆಲೆಯೇರಿಕೆ.

ಬೆಲೆ ಏರುವುದಕ್ಕೆ ಹೋಟೆಲಿನವರ ಲಾಭದಾಸೆಯೊಂದೇ ಕಾರಣವೆಂದು ತಿಳಿಯುವುದು ಸರಿಯಲ್ಲ. ಇಡ್ಲಿಯ ಉದ್ದಿನಲ್ಲಿ ಒಂದು ಪಾಲು ಮ್ಯಾನ್ಮಾರಿನಿಂದ ಬರುತ್ತದೆ. 2022ರ ಫೆಬ್ರವರಿಯಲ್ಲಿ ಉಕ್ರೇನಿನಲ್ಲಿ ಯುದ್ಧ ಆರಂಭವಾದಾಗ ಸೂರ್ಯಕಾಂತಿ ಎಣ್ಣೆಗೆ ಅಭಾವ ತಲೆದೋರಿತು. ಅದೇ ವರ್ಷ ಏಪ್ರಿಲ್ 28ರಿಂದ ಮೇ 23ರವರೆಗೆ ಇಂಡೊನೇಷ್ಯಾ ತಾಳೆಎಣ್ಣೆಯ ರಫ್ತನ್ನು ನಿಲ್ಲಿಸಿತು. ಹೋಟೆಲುಗಳು ಬಳಸುವ 19 ಕಿಲೋ ಅನಿಲದ ಸಿಲಿಂಡರಿನ ಬೆಲೆ 2022ರ ಮೇ ತಿಂಗಳಲ್ಲಿ ದೆಹಲಿಯಲ್ಲಿಯೇ 2,300 ರೂಪಾಯಿಗಳನ್ನು ದಾಟಿತ್ತು. 2023ರ ಜುಲೈಯಲ್ಲಿ ಟೊಮೇಟೊ ಕಿಲೋಗೆ ನೂರು ರೂಪಾಯಿಗಳನ್ನು ಮೀರಿತು. ಹೀಗೆ ದೂರದ ದೇಶಗಳ ಯುದ್ಧವೂ ಆಜ್ಞೆಯೂ ತೇನಿಯ ಬೀದಿಯ ಬಾಣಲೆಯವರೆಗೆ ಬಂದು ಮುಟ್ಟುತ್ತವೆ.

ಇವುಗಳ ಜೊತೆಗೆ ಕಟ್ಟುವ ಖರ್ಚೂ ಸೇರಿತು. ತಮಿಳುನಾಡು ಸರ್ಕಾರವು 2019ರ ಜನವರಿ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿತು. ಊಟ ಕಟ್ಟುವ ಹಾಳೆ, ಕೈಚೀಲ, ಲೋಟಗಳು ಆ ಪಟ್ಟಿಯಲ್ಲಿದ್ದವು. ನಿಷೇಧ ಒಳ್ಳೆಯದೇ. ಆದರೆ ಅಗ್ಗದ ಹಾಳೆಯ ಸ್ಥಾನಕ್ಕೆ ಬಂದ ಡಬ್ಬಿಗಳು ದುಬಾರಿಯಾದುವು. ಮೊಬೈಲಿನ ಮೂಲಕ ಮನೆಬಾಗಿಲಿಗೆ ತರಿಸಿದರಂತೂ ಸಾಗಣೆಯ ಶುಲ್ಕ ಬೇರೆ. 2023ರಲ್ಲಿ ಪ್ರತಿ ಆರ್ಡರಿಗೆ 2 ರೂಪಾಯಿಯಿಂದ ಆರಂಭವಾದ ‘ಪ್ಲಾಟ್‌ಫಾರ್ಮ್ ಶುಲ್ಕ’ ಎರಡೂವರೆ ವರ್ಷಗಳೊಳಗೆ 10 ರೂಪಾಯಿಗಳನ್ನು ದಾಟಿತು. ಒಡ್ಡನ್‌ಛತ್ರದಲ್ಲಿ ಟೊಮೇಟೊ ಬೆಲೆ ಕುಸಿದು ರೈತನಿಗೆ ಕೊಯ್ಲಿನ ಕೂಲಿಯೂ ಹುಟ್ಟದ ದಿನಗಳಲ್ಲಿಯೂ ಹೋಟೆಲಿನ ದರಪಟ್ಟಿ ಇಳಿಯದಿರುವುದಕ್ಕೆ ಇದೇ ಕಾರಣ: ಪೊಟ್ಟಣದ ಬೆಲೆಯಲ್ಲಿ ತರಕಾರಿಯದು ಸಣ್ಣ ಪಾಲು; ಅನಿಲ, ಬಾಡಿಗೆ, ಕೂಲಿ, ಕಟ್ಟುವಿಕೆಗಳದು ದೊಡ್ಡ ಪಾಲು.

ಹೀಗಿದ್ದರೂ ಜನರು ಕೊಳ್ಳುವುದನ್ನು ಬಿಟ್ಟಿಲ್ಲ. ಕೇಂದ್ರ ಸರ್ಕಾರದ 2023–24ರ ಕುಟುಂಬ ವೆಚ್ಚ ಸಮೀಕ್ಷೆಯ ಪ್ರಕಾರ ಪಾನೀಯ, ಉಪಾಹಾರ ಮತ್ತು ಸಿದ್ಧ ಆಹಾರಗಳಿಗೆ ಭಾರತದ ಗ್ರಾಮೀಣ ಕುಟುಂಬಗಳು ಒಟ್ಟು ವೆಚ್ಚದ ಶೇಕಡ 9.84ನ್ನೂ ನಗರದ ಕುಟುಂಬಗಳು ಶೇಕಡ 11.09ನ್ನೂ ವಿನಿಯೋಗಿಸಿವೆ. ಆಹಾರದ ಬಾಬತ್ತುಗಳಲ್ಲಿ ಅತ್ಯಧಿಕ ವೆಚ್ಚ ಇದೇ. ಅಕ್ಕಿ, ಗೋಧಿ ಮುಂತಾದ ಧಾನ್ಯಗಳ ವೆಚ್ಚಕ್ಕಿಂತಲೂ ಹೆಚ್ಚು. ಇದನ್ನು ಕಂಡು ಕಾಲ ಕೆಟ್ಟಿತೆಂದು ಮರುಗುವುದು ಸುಲಭ. ಅದಕ್ಕಿಂತ ಲೆಕ್ಕವನ್ನು ಪೂರ್ಣವಾಗಿ ಹಾಕಿ ನೋಡುವುದು ಮೇಲು.

ನಾಲ್ಕು ಜನರ ಒಂದು ಸಂಸಾರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇಡ್ಲಿ, ಸಾಂಬಾರು, ಚಟ್ನಿಗಳ ಪಾರ್ಸೆಲಿಗೆ ತಲೆಗೆ 70 ರೂಪಾಯಿಯಾದರೆ ನಾಲ್ವರಿಗೆ 280 ರೂಪಾಯಿಯಾಯಿತು. ಅದನ್ನೇ ಮನೆಯಲ್ಲಿ ಮಾಡಿದರೆ ಅಕ್ಕಿ, ಉದ್ದು, ಬೇಳೆ, ಕಾಯಿ, ಎಣ್ಣೆ, ಅನಿಲಗಳಿಗೆ 100 ರೂಪಾಯಿ ಎಂದಿಟ್ಟುಕೊಂಡರೆ 180 ರೂಪಾಯಿ ಉಳಿಯುತ್ತದೆ. ಮನೆಯ ಯಜಮಾನನ ಲೆಕ್ಕ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ಆದರೆ ನೆನೆಹಾಕುವುದು, ರುಬ್ಬುವುದು, ಬೇಯಿಸುವುದು, ಬಡಿಸುವುದು, ಪಾತ್ರೆ ತೊಳೆಯುವುದು ಎಲ್ಲವೂ ಸೇರಿ ಎರಡು ಗಂಟೆಗಳ ಕೆಲಸವಿದೆ. ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯಡಿ 2025–26ರ ಸಾಲಿಗೆ ತಮಿಳುನಾಡಿನಲ್ಲಿ ನಿಗದಿಯಾದ ದಿನಗೂಲಿ 336 ರೂಪಾಯಿ. ಅದನ್ನು ಎಂಟು ಗಂಟೆಗಳಿಗೆ ಹಂಚಿದರೆ ಗಂಟೆಗೆ 42 ರೂಪಾಯಿ. ಎರಡು ಗಂಟೆಗಳಿಗೆ 84. ಆಗ ಮನೆಯ ಇಡ್ಲಿಯ ನಿಜವಾದ ಬೆಲೆ 184 ರೂಪಾಯಿ. ನಿಜವಾದ ಉಳಿತಾಯ 180 ಅಲ್ಲ, 96 ಮಾತ್ರ. ಉಳಿದ 84 ರೂಪಾಯಿ ಉಳಿತಾಯವಲ್ಲ. ಅದು ಒಬ್ಬರಿಗೆ ಕೊಡದೇ ಉಳಿಸಿಕೊಂಡ ಕೂಲಿ.

ಇದೇ ಲೆಕ್ಕವನ್ನು ಒಂಟಿಯಾಗಿ ಬಾಳುವ ವೃದ್ಧರಿಗೆ ಅನ್ವಯಿಸಿದರೆ ಫಲ ಬೇರೆಯಾಗುತ್ತದೆ. ಒಬ್ಬರಿಗಾಗಿ ಸಾಮಗ್ರಿಗೆ 30 ರೂಪಾಯಿ, ಒಂದು ಗಂಟೆಯ ಶ್ರಮಕ್ಕೆ 42 ರೂಪಾಯಿ ಹಿಡಿದರೆ 72 ರೂಪಾಯಿಯಾಗುತ್ತದೆ; ಪಾರ್ಸೆಲಿನ ಬೆಲೆ 70. ಹೆಚ್ಚು ಕಡಿಮೆ ಸಮ. ಆದ್ದರಿಂದ ಉಣ್ಣುವ ತಲೆಗಳು ಹೆಚ್ಚಿದಷ್ಟೂ ಮನೆಯ ಒಲೆ ಲಾಭದಾಯಕ. ಕಡಿಮೆಯಾದಷ್ಟೂ ಪೊಟ್ಟಣವು ನ್ಯಾಯವಾದುದು. ಮಕ್ಕಳು ಚೆನ್ನೈಗೋ ಕೊಯಮತ್ತೂರಿಗೋ ಬೆಂಗಳೂರಿಗೋ ಹೋಗಿ, ದೊಡ್ಡ ಮನೆಯಲ್ಲಿ ಇಬ್ಬರು ಹಿರಿಯರೇ ಉಳಿದಿರುವ ಸಂಸಾರಗಳಿಗೆ ‘ಹೋಟೆಲಿನ ಊಟ ದುಂದು’ ಎಂಬ ಹಳೆಯ ಮಾತು ಇದ್ದಂತೆಯೇ ಹೊಂದುವುದಿಲ್ಲ. ಕೂಡುಕುಟುಂಬದ ಕಾಲದಲ್ಲಿ ಅದು ನಿಜವಾಗಿತ್ತು. ಆಗ ಒಂದು ಒಲೆಯ ಸುತ್ತ ಹಲವು ಕೈಗಳಿದ್ದವು.

ಮನೆಯೊಳಗಿನ ಈ ಶ್ರಮ ಯಾರದೆಂಬುದು ಎಲ್ಲರಿಗೂ ತಿಳಿದ ಸಂಗತಿ. ಈಗ ಅದಕ್ಕೆ ಅಂಕಿಗಳ ಆಧಾರವೂ ಇದೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಅದಕ್ಕಾಗಿ ಕಳೆಯುತ್ತಾರೆ. ಅಂತಹ ಕೆಲಸದಲ್ಲಿ ತೊಡಗುವ ಗಂಡಸರು 88 ನಿಮಿಷಗಳನ್ನು. ಹೀಗಿರುವಲ್ಲಿ ‘ಇನ್ನು ಮುಂದೆ ಪಾರ್ಸೆಲ್ ಬೇಡ’ ಎಂಬ ತೀರ್ಮಾನವನ್ನು ತೆಗೆದುಕೊಳ್ಳುವವರು ಒಬ್ಬರು, ಅದರ ಭಾರವನ್ನು ಹೊರುವವರು ಇನ್ನೊಬ್ಬರು ಎಂದಾಗುವುದು ಸಹಜ. ವಾರಕ್ಕೆರಡು ಸಂಜೆ ಪಾರ್ಸೆಲ್ ತರುತ್ತಿದ್ದ ಮನೆಯಲ್ಲಿ ಯಜಮಾನನು ಖರ್ಚು ಕಡಿಮೆ ಮಾಡಿದೆನೆಂದು ಸಂತೋಷಪಡುತ್ತಾನೆ. ಹಗಲೆಲ್ಲ ನೂಲಿನ ಗಿರಣಿಯಲ್ಲೋ ತೋಟದಲ್ಲೋ ಅಂಗಡಿಯಲ್ಲೋ ದುಡಿದು ಬಂದ ಸೊಸೆಗೆ ಆ ಎರಡು ಸಂಜೆಗಳ ಬಿಡುವೂ ಇಲ್ಲವಾಗುತ್ತದೆ. ಮನೆಯ ಪುಸ್ತಕದಲ್ಲಿ ಜಮೆಯಾದ ಹಣದ ಎದುರಿಗೆ ಅವಳ ಆಯಾಸವನ್ನು ಬರೆಯುವ ಕಲಂ ಇರುವುದಿಲ್ಲ.

ಇಲ್ಲಿಯೇ ಮಿತವ್ಯಯ ಮತ್ತು ಜಿಪುಣತನಗಳ ನಡುವಿನ ಗೆರೆ ಸ್ಪಷ್ಟವಾಗುತ್ತದೆ. ತನ್ನ ಬಯಕೆಯನ್ನು ತಾನೇ ತಗ್ಗಿಸಿಕೊಂಡು ಉಳಿಸುವುದು ಮಿತವ್ಯಯ. ತನ್ನ ಬಯಕೆಯನ್ನು ಹಾಗೆಯೇ ಇಟ್ಟುಕೊಂಡು, ಅದನ್ನು ಪೂರೈಸುವ ಶ್ರಮವನ್ನು ಪುಕ್ಕಟೆಯಾಗಿ ಇನ್ನೊಬ್ಬರಿಂದ ಪಡೆಯುವುದು ಮಿತವ್ಯಯವಲ್ಲ. ಸಂಜೆಗೆ ಬಿಸಿಬಿಸಿ ದೋಸೆಯೇ ಬೇಕೆಂಬ ಆಸೆಯನ್ನು ಬಿಟ್ಟು, ಮಧ್ಯಾಹ್ನದ ಅನ್ನಕ್ಕೆ ಮಜ್ಜಿಗೆ ಕಲಸಿ ಉಂಡವನು ನಿಜವಾಗಿ ಉಳಿಸಿದವನು. ಹೋಟೆಲಿನ ದೋಸೆಯ ಹಣವನ್ನು ಉಳಿಸಿ ಮನೆಯಲ್ಲಿ ಅದೇ ದೋಸೆಯನ್ನು ಅದೇ ಹೊತ್ತಿಗೆ ಕೇಳುವವನು ಖರ್ಚನ್ನು ಉಳಿಸಿಲ್ಲ, ಸ್ಥಳಾಂತರಿಸಿದ್ದಾನೆ ಅಷ್ಟೆ.

ಶ್ರಾವಕರಿಗೆ ವಿಧಿಸಿರುವ ಭೋಗೋಪಭೋಗ ಪರಿಮಾಣ ವ್ರತದ ಸ್ವರೂಪವನ್ನು ಈ ಸಂದರ್ಭದಲ್ಲಿ ನೆನೆಯುವುದು ಉಚಿತ. ಅನ್ನ, ಹೂವುಗಳಂತೆ ಒಮ್ಮೆ ಬಳಸಿದೊಡನೆ ತೀರುವುದು ಭೋಗ. ಬಟ್ಟೆ, ಒಡವೆಗಳಂತೆ ಮತ್ತೆ ಮತ್ತೆ ಬಳಸುವುದು ಉಪಭೋಗ. ಇವೆರಡಕ್ಕೂ ಗೃಹಸ್ಥನು ಒಂದು ಮಿತಿಯನ್ನು ಹಾಕಿಕೊಳ್ಳಬೇಕು. ಗಮನಿಸಬೇಕಾದುದು ‘ಹಾಕಿಕೊಳ್ಳುವುದು’ ಎಂಬ ಮಾತನ್ನು. ವ್ರತವನ್ನು ತಾನು ಸ್ವೀಕರಿಸಬಹುದೇ ಹೊರತು ಇನ್ನೊಬ್ಬರ ತಲೆಯ ಮೇಲೆ ಇಡಲಾಗದು. ಹೆಂಡತಿಯ ನಿದ್ರೆಗೆ, ಸೊಸೆಯ ಬಿಡುವಿಗೆ ಮಿತಿ ಹಾಕಿ ಅದನ್ನು ತನ್ನ ಸಂಯಮವೆಂದು ಭಾವಿಸುವವನು ವ್ರತದ ಅರ್ಥವನ್ನೇ ಅರಿತಿಲ್ಲ.

ಆದರೆ ಈ ವಾದವನ್ನೇ ಹಿಡಿದು ಪಾರ್ಸೆಲಿಗೆ ಮುಕ್ತ ಅನುಮತಿ ಕೊಡುವುದೂ ಸರಿಯಾಗದು. ಪೊಟ್ಟಣದ ಹಿಂದೆಯೂ ಕೈಗಳಿವೆ. ಬೆಳಗಿನಿಂದ ರಾತ್ರಿಯವರೆಗೆ ಕಾವಲಿಯ ಬಿಸಿಯೆದುರು ನಿಲ್ಲುವ ಅಡುಗೆಯವನು, ಪಾತ್ರೆ ತೊಳೆಯುವ ಹೆಂಗಸು, ಮಳೆಯಲ್ಲಿ ದ್ವಿಚಕ್ರ ವಾಹನದ ಮೇಲೆ ಊಟ ಹೊತ್ತು ತರುವ ಹುಡುಗ, ಇವರೂ ಯಾರದೋ ಮನೆಯವರು. ಬೆಲೆ ಏರಿದುದರಲ್ಲಿ ಒಂದು ಪಾಲು ಇವರ ಕೂಲಿ ಏರಿದುದರಿಂದಾಗಿದ್ದರೆ ಅದಕ್ಕಾಗಿ ಗೊಣಗುವುದು ಯುಕ್ತವಲ್ಲ. ಹಿಂದಿನ ಅಗ್ಗದ ಊಟವು ಅಗ್ಗವಾಗಿದ್ದುದು ಹಲವು ಕಡೆ ಇಂತಹವರ ಅಲ್ಪ ಕೂಲಿಯಿಂದಲೇ. ಮನೆಯ ಹೆಂಗಸಿನ ಶ್ರಮವನ್ನು ಲೆಕ್ಕಕ್ಕೆ ಹಿಡಿಯಬೇಕೆನ್ನುವವನು ಹೋಟೆಲಿನ ಕೆಲಸಗಾರನ ಶ್ರಮವನ್ನು ಮರೆಯುವಂತಿಲ್ಲ.

ಹಾಗೆಯೇ ಅಗತ್ಯಕ್ಕೆ ತರುವ ಪೊಟ್ಟಣ ಬೇರೆ, ನಾಲಗೆಯ ಚಪಲಕ್ಕೆ ತರಿಸುವ ಪೊಟ್ಟಣ ಬೇರೆ. ಮನೆಯಲ್ಲಿ ಮಾಡಿದ ಅಡುಗೆ ಇರುವಾಗಲೇ ಮೊಬೈಲ್ ತೆರೆದು ಇನ್ನೊಂದನ್ನು ತರಿಸಿ, ಮನೆಯದನ್ನು ಮರುದಿನ ಚೆಲ್ಲುವುದು ಎರಡು ಪಟ್ಟು ಅಪಚಾರ. ಅದು ಬೇಯಿಸಿದವರಿಗೂ ಅವಮಾನ, ಅನ್ನಕ್ಕೂ ಅವಮಾನ. ಪ್ಲಾಸ್ಟಿಕ್ ನಿಷೇಧವಾದ ಬಳಿಕ ತಮಿಳುನಾಡಿನ ಹಲವು ಹೋಟೆಲುಗಳು ಪಾತ್ರೆ ತಂದವರಿಗೆ ರಿಯಾಯಿತಿ ಕೊಡಲು ಮುಂದಾದುವು. 2021ರ ಡಿಸೆಂಬರಿನಲ್ಲಿ ಸರ್ಕಾರವು ಹಳದಿ ಬಟ್ಟೆಚೀಲದ ಹೆಸರಿನಲ್ಲಿ ‘ಮೀಂಡುಂ ಮಂಜಪ್ಪೈ’ ಎಂಬ ಅಭಿಯಾನವನ್ನೇ ಆರಂಭಿಸಿತು. ಕಾಗದದ ಮಸಿ ಆಹಾರಕ್ಕಂಟಿ ಆರೋಗ್ಯ ಕೆಡಿಸುತ್ತದೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2023ರಲ್ಲಿ ಮತ್ತೊಮ್ಮೆ ಎಚ್ಚರಿಸಿ, ವೃತ್ತಪತ್ರಿಕೆಯಲ್ಲಿ ಊಟ ಕಟ್ಟಬಾರದೆಂದು ತಿಳಿಸಿತು. ಹಿಡಿಯುಳ್ಳ ಒಂದು ಉಕ್ಕಿನ ಡಬ್ಬಿಯನ್ನು ಕೈಯಲ್ಲಿ ಹಿಡಿದು ಹೋಟೆಲಿಗೆ ನಡೆದು ಹೋಗುವವನು ಹಣವನ್ನೂ ಆರೋಗ್ಯವನ್ನೂ ಊರಿನ ಚರಂಡಿಯನ್ನೂ ಒಟ್ಟಿಗೆ ಕಾಪಾಡುತ್ತಾನೆ. ಇದರ ಭಾರ ಹೊರುವವನು ಅವನೇ. ಆದ್ದರಿಂದ ಇದು ನಿಜವಾದ ಮಿತವ್ಯಯ.

ಉಣಿಸುವ ಇಚ್ಛೆ ಯಾರದೋ ಅವರೇ ಅದರ ವೆಚ್ಚವನ್ನು ಭರಿಸಬೇಕೆಂಬ ತತ್ತ್ವಕ್ಕೆ ಇದೇ ಸೀಮೆಯಲ್ಲಿ ಒಂದು ಪುರಾತನ ಸಾಕ್ಷಿಯಿದೆ. ದಿಂಡಿಗಲ್ ಜಿಲ್ಲೆಯಲ್ಲಿ, ಪಳನಿಗೆ ಸಮೀಪದಲ್ಲಿರುವ ಐವರ್‌ಮಲೈ ಬೆಟ್ಟದ ಬಂಡೆಯ ಮೇಲೆ ತೀರ್ಥಂಕರರ ಉಬ್ಬುಶಿಲ್ಪಗಳಿವೆ. ಅಲ್ಲಿರುವ ಶಕವರ್ಷ 792ರ, ಅಂದರೆ ಕ್ರಿ.ಶ. 870ರ ಶಾಸನವು ಪಾಂಡ್ಯ ಅರಸ ವರಗುಣನ ಕಾಲದ್ದು. ಗುಣವೀರಕ್ಕುರವಡಿಗಳ ಶಿಷ್ಯರಾದ ಶಾಂತಿವೀರಕ್ಕುರವರು ಅಲ್ಲಿನ ಪಾರ್ಶ್ವನಾಥ ಹಾಗೂ ಯಕ್ಷಿಯರ ಮೂರ್ತಿಗಳನ್ನು ಜೀರ್ಣೋದ್ಧಾರ ಮಾಡಿಸಿ, ನೈವೇದ್ಯಕ್ಕಾಗಿಯೂ ಒಬ್ಬ ತಪಸ್ವಿಯ ಆಹಾರಕ್ಕಾಗಿಯೂ 505 ಕಾಣ ಚಿನ್ನವನ್ನು ದತ್ತಿಯಾಗಿ ಇಟ್ಟರೆಂದು ಅದು ತಿಳಿಸುತ್ತದೆ.

ಒಬ್ಬನ ಊಟಕ್ಕಾಗಿ ಚಿನ್ನವನ್ನು ಅಳೆದು ಇಟ್ಟು, ಅಳತೆಯನ್ನು ಕಲ್ಲಿನಲ್ಲಿ ಕೆತ್ತಿಸಿದ ಈ ಎಚ್ಚರಿಕೆ ಯೋಚನೆಗೆ ಅರ್ಹವಾದುದು. ಊರವರು ಹೇಗೋ ಉಣಿಸುತ್ತಾರೆ, ಯಾವ ಮನೆಯಲ್ಲೋ ಯಾರೋ ಬೇಯಿಸುತ್ತಾರೆ ಎಂದು ಬಿಟ್ಟಿದ್ದರೆ ದತ್ತಿಯ ಅಗತ್ಯವೇ ಇರಲಿಲ್ಲ. ಅನ್ನಕ್ಕೆ ಬೆಲೆಯುಂಟು, ಅದನ್ನು ಯಾರಾದರೂ ತೆತ್ತೇ ತೀರಬೇಕು, ಬಯಸಿದವರೇ ತೆರುವುದು ಮರ್ಯಾದೆ ಎಂಬ ಅರಿವು ಅದರಲ್ಲಿದೆ.

ಇದರ ಬೆಳಕಿನಲ್ಲಿ ನೋಡಿದಾಗ ಮೊದಲಿನ ಪ್ರಶ್ನೆಗೆ ‘ಹೌದು’ ಅಥವಾ ‘ಅಲ್ಲ’ ಎಂಬ ಒಂದೇ ಉತ್ತರ ಸಿಗುವುದಿಲ್ಲ; ಆದರೆ ಉತ್ತರವನ್ನು ಕಂಡುಕೊಳ್ಳುವ ವಿಧಾನ ಸಿಗುತ್ತದೆ. ಪಾರ್ಸೆಲನ್ನು ನಿಲ್ಲಿಸುವ ಮಾತು ಬಂದಾಗ ಮೊದಲು ಕೇಳಬೇಕಾದುದು ಒಲೆಯ ಮುಂದೆ ನಿಲ್ಲುವವರನ್ನು. ಅವರು ಸಂತೋಷದಿಂದ ಒಪ್ಪಿದರೆ, ಉಳಿದ ಹಣದಲ್ಲಿ ಅವರಿಗೂ ಹಕ್ಕಿರಬೇಕು. ಅವರು ಒಪ್ಪದಿದ್ದರೆ, ನಿಲ್ಲಿಸಬೇಕೆನ್ನುವವರೇ ಆ ಎರಡು ಸಂಜೆ ಅಡುಗೆಮನೆಗೆ ಹೋಗಬೇಕು. ಗಂಡಸರಿಗೆ ಅಡುಗೆ ಬಾರದೆಂಬ ನೆಪ ನಿಲ್ಲುವುದಿಲ್ಲ. ಕಂಬಂ, ತೇನಿಗಳ ಹೋಟೆಲುಗಳ ಒಲೆಯ ಮುಂದೆ ನಿಂತಿರುವವರಲ್ಲಿ ಹೆಚ್ಚಿನವರು ಗಂಡಸರೇ. ಅದೂ ಆಗದೆಂದಾದರೆ ಬಯಕೆಯನ್ನು ತಗ್ಗಿಸಿ, ಇದ್ದುದನ್ನು ಉಣ್ಣಬೇಕು. ಈ ಮೂರರಲ್ಲಿ ಯಾವುದೂ ಸಾಧ್ಯವಿಲ್ಲದ ಮನೆಯಲ್ಲಿ ಏರಿದ ಬೆಲೆಯನ್ನು ಕೊಟ್ಟು ಪೊಟ್ಟಣವನ್ನು ತರುವುದೇ ಧರ್ಮ.

ಮನೆಯ ಅಡುಗೆಯಲ್ಲಿ ಮನೆತನವೂ ಮನೆಮಾತೂ ಉಳಿಯಬೇಕೆಂದು ಹಂಬಲಿಸುವ ಹಿರಿಯರಿಗೂ ಇದೇ ಮಾತು ಸಲ್ಲುತ್ತದೆ. ಒಲೆಯ ಬಳಿ ಕನ್ನಡ ಕೇಳಿಸಬೇಕಾದರೆ ಒಲೆಯ ಬಳಿ ಒಬ್ಬಳೇ ಇರಬಾರದು. ಕಾಯಿ ತುರಿಯುವ ಮಾವ, ಸೊಪ್ಪು ಬಿಡಿಸುವ ಮಗ, ತಟ್ಟೆ ತೊಳೆಯುವ ಮೊಮ್ಮಗ ಅಲ್ಲಿದ್ದರೆ ಮಾತು ತಾನಾಗಿ ಹುಟ್ಟುತ್ತದೆ. ಆಗ ಮನೆಯ ಎರಡು ಗಂಟೆಗಳ ಕೆಲಸ ನಾಲ್ವರಲ್ಲಿ ಹಂಚಿಹೋಗಿ ಅರ್ಧ ಗಂಟೆಯಾಗುತ್ತದೆ. ಆ ಅರ್ಧ ಗಂಟೆಯನ್ನು ಕೊಡಲು ಸಿದ್ಧರಿರುವವರಿಗೆ ಮಾತ್ರ ಹೋಟೆಲಿನ ಊಟ ದುಬಾರಿಯಾಯಿತೆಂದು ಹೇಳುವ ಅಧಿಕಾರವುಂಟು.